ಚಿಗವ್ವನ ಮೂವತ್ತೆಂಟು ಕಿಲೋ

ಫೆಬ್ರವರಿ 33, ಇಸವಿ 2287
ಬಯಲ ತಂಗು, ಕೃಷ್ಣೆಗೆ ಇನ್ನು ಹನ್ನೊಂದು ದಿನದ ದಾರಿ

ಗಾಲಿಯ ಮೇಲೆ ಮನೆ ಮಾಡಿಕೊಂಡು ತಿರುಗುವ ಆಸೆಯುಳ್ಳ ಹಿಂದಿನ ಕಾಲದವರಿಗೆ, ಯಮನೂರಪ್ಪ ಹದಗಾರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಬರೆದವನ ತಲೆ ಸರಿಯಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಫೆಬ್ರವರಿಗೆ ಇಪ್ಪತ್ತೆಂಟೇ ದಿನ ಎಂಬುದು ನನಗೆ ಗೊತ್ತು. ನಮ್ಮಲ್ಲಿ ಮೈಗೆ ಒಗ್ಗುವ ತಿಂಗಳು ಅದೊಂದೇ. ಆದ್ದರಿಂದ ನಮ್ಮ ಹಿರಿಯರು ಮೇ ತಿಂಗಳಿಂದ ಐದು ದಿನ ಕಿತ್ತು ಇದಕ್ಕೆ ಸೇರಿಸಿದರು. ಬಿಸಿಲು ಈ ಏರ್ಪಾಡನ್ನು ಒಪ್ಪಿಲ್ಲ, ಅದರ ಪಾಡಿಗೆ ಅದು ಸುಡುತ್ತದೆ; ಕಾಗದದ ಮೇಲಾದರೂ ಮೇ ಬೇಗ ಮುಗಿಯುತ್ತದೆ ಎಂಬುದಷ್ಟೇ ನಮ್ಮ ಸಮಾಧಾನ. ಇನ್ನು ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ಬಂದ ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಬೇಸರವಾದರೆ ಹಾರಿಸಿ ಓದಿ, ನಾನೇನೂ ನೋಡುವುದಿಲ್ಲ.

ನಿಮಗೇ ಬರೆಯಲು ಕಾರಣವಿದೆ. ನಿಮ್ಮ ಕಾಲದ ಒಂದು ಪುಸ್ತಿಕೆ ನನ್ನ ಪೆಟ್ಟಿಗೆಯಲ್ಲಿದೆ. ವಾಹನದೊಳಗೆ ಸುಖವಾಗಿ ಪ್ರವಾಸ ಮಾಡುವುದು ಹೇಗೆ ಎಂದು ಅದರಲ್ಲಿ ಹೇಳಿದೆ. ಪರದೆ ಎರಡು ಪದರ ಇರಲಿ, ಪಾತ್ರೆಗಳ ಅಡಿಗೆ ರಬ್ಬರಿನ ಹಾಸು ಹಾಕಿ ಸದ್ದು ತಪ್ಪಿಸಿ, ನೀರಿನ ತೊಟ್ಟಿ ಗಾಡಿಯ ನಡುವಿಗೇ ಬರಲಿ, ಭಾರದ ಸಾಮಾನು ಕೆಳಗಿಡಿ, ನಿಂತಾಗ ನೆಲ ಸಮ ಮಾಡಿಕೊಳ್ಳಿ. ಎಲ್ಲವೂ ಸರಿಯಾದ ಮಾತೇ. ನನ್ನ ಕಸುಬಿನ ಅರ್ಧ ನಾನು ಅದರಿಂದಲೇ ಕಲಿತೆ. ಕೊನೆಯ ಪುಟದಲ್ಲಿ ಒಂದು ಚಿತ್ರವಿದೆ. ಗಂಡ ಹೆಂಡತಿ ಮಡಚುವ ಕುರ್ಚಿ ಹಾಕಿಕೊಂಡು, ಗಾಡಿಯ ಪಕ್ಕದಲ್ಲಿ ಚಹಾ ಕುಡಿಯುತ್ತ ನಗುತ್ತಿದ್ದಾರೆ. ಆ ನಗು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಆಮೇಲೆ ಹೊಳೆಯಿತು: ಅವರಿಗೆ ಮರಳಿ ಹೋಗಲು ಬೇರೆ ಕಡೆ ಒಂದು ಮನೆ ಇದೆ.

ನಮಗೆ ಇಲ್ಲ. ಬಿಸಿಲು ಮುಂದೆ ಮುಂದೆ ಅಟ್ಟುತ್ತದೆ, ನಾವು ಹೋಗುತ್ತೇವೆ. ನಾವು ಇರುವ ಗಾಡಿಗೆ ಗಾಲಿಮನೆ ಎನ್ನುತ್ತೇವೆ. ಒಟ್ಟಿಗೆ ಹೋಗುವ ನಲವತ್ತೋ ಐವತ್ತೋ ಗಾಲಿಮನೆಗಳು ಒಂದು ದಂಡು. ದಂಡು ನಿಂತಲ್ಲಿ ತಂಗು. ವರ್ಷಕ್ಕೊಮ್ಮೆ ಹೊರಟಲ್ಲಿಗೇ ಬಂದು ಸೇರಿದರೆ ಒಂದು ಸುತ್ತು. ನಾವು ವಯಸ್ಸು ಎಣಿಸುವುದೂ ಸುತ್ತುಗಳಲ್ಲೇ. ಗಾಲಿಮನೆಯ ಒಳಗನ್ನು ಬಾಳಲು ಬರುವಂತೆ ಮಾಡಿಕೊಡುವವನು ಹದಗಾರ. ಮೆತ್ತೆ ತುಂಬುವುದು, ಕುಲುಕಾಟ ತಗ್ಗಿಸುವುದು, ತಗಡು ಕಾಯದಂತೆ ಒಳಗೆ ನಾರಿನ ಹೊದಿಕೆ ಹಾಕುವುದು, ಮಲಗಿದವರ ತಲೆಗೆ ಕಪಾಟಿನ ಬಾಗಿಲು ಬಡಿಯದಂತೆ ಕೊಂಡಿ ಇಡುವುದು, ಇವೆಲ್ಲ ನನ್ನ ಕೆಲಸ. ಗಾಡಿಗಳ ಅಡಿಯಲ್ಲಿ ಮಲಗಿ ಮಸಿ ಒರೆಸುತ್ತಿದ್ದವನು ನಾನು. ಕೈ ಕೊಟ್ಟು ಮೇಲೆತ್ತಿದವರು ಯಾರೂ ಇಲ್ಲ, ಆದ್ದರಿಂದ ಯಾರಿಗೂ ಋಣಿಯಲ್ಲ. ಈಗ ನಾನು ಒಳಗೆ ಕಾಲಿಟ್ಟರೆ ಮನೆಯೊಡತಿ ಮೊದಲು ನೀರು ಕೊಟ್ಟು ಆಮೇಲೆ ಮಾತಾಡುತ್ತಾಳೆ.

ಸುಖಕ್ಕೆ ತೂಕವಿದೆ. ನಿಮ್ಮ ಪುಸ್ತಿಕೆ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದೆ. ನಾವು ಇದರ ಮೇಲೆಯೇ ಬದುಕುತ್ತೇವೆ. ಕೃಷ್ಣೆಯ ಮೇಲಿನ ಸೇತುವೆ ನಿಮ್ಮ ಕಾಲದ್ದು, ಮುದಿಯಾಗಿದೆ. ಒಂದು ಗಾಲಿಮನೆ ಮೂರೂವರೆ ಸಾವಿರ ಕಿಲೋ ಮೀರುವಂತಿಲ್ಲ. ಗಾಡಿಯ ಬರಿಯ ತೂಕ ಬಾಗಿಲ ಮೇಲಿನ ತಗಡಿನಲ್ಲಿ ಕೊರೆದಿರುತ್ತದೆ. ಒಳಗೆ ಸೇರಿದ ಮನುಷ್ಯರು, ಮಂಚ, ಒಲೆ, ಒಂದೊಂದನ್ನೂ ಹದಗಾರ ತನ್ನ ಕೊಕ್ಕೆತಕ್ಕಡಿಗೆ ನೇತುಹಾಕಿ ತೂಗಿ ತೂಕಚೀಟಿ ಬರೆಯುತ್ತಾನೆ. ಇಡೀ ಗಾಡಿಯನ್ನು ತೂಗುವ ದೊಡ್ಡ ತಕ್ಕಡಿ ಸೇತುವೆಯ ಬಾಯಲ್ಲಿ ಇತ್ತಂತೆ, ನನ್ನ ಅಜ್ಜನ ಕಾಲಕ್ಕೇ ಕೆಟ್ಟಿತು. ಈಗ ಚೀಟಿಯೇ ತಕ್ಕಡಿ. ಹೆಚ್ಚಾದದ್ದನ್ನು ಸೇತುವೆಯ ಈಚೆ ಕಲ್ಲಿನ ಕಟ್ಟೆಯ ಮೇಲೆ ಇಳಿಸಿ ಹೋಗಬೇಕು. ಸಾಮಾನು ಇಳಿಸಿದರೆ ಕಟ್ಟೆಯವರ ಪಾಲು. ಮನುಷ್ಯರನ್ನು ಇಳಿಸಿದರೆ, ಮರುಸುತ್ತಿನಲ್ಲಿ ತೂಕಕ್ಕೆ ಎಡೆಯಿದ್ದಾಗ ಕರೆದುಕೊಂಡು ಹೋಗಬಹುದು. ಯಾವುದನ್ನು ಇಳಿಸಬೇಕೆಂದು ಹೇಳುವುದು ಮನೆಯವರ ಹಕ್ಕು, ಹದಗಾರ ಬಾಯಿ ಹಾಕುವಂತಿಲ್ಲ. ನನ್ನ ತಾಯಿ ಆ ಕಟ್ಟೆಯ ಮೇಲೆಯೇ ನನ್ನನ್ನು ಹೆತ್ತಳು. ಆದ್ದರಿಂದ ಅಲ್ಲಿಯ ನೀರು ನೆರಳಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಸಂಗತಿ ಹದಗಾರರಿಗೆ ಮಾತ್ರ ಗೊತ್ತು. ನೀವು ಸತ್ತು ಇನ್ನೂರು ವರ್ಷವಾದ್ದರಿಂದ ನಿಮಗೆ ಹೇಳಲು ಅಡ್ಡಿಯಿಲ್ಲ. ಹಿಂದೊಮ್ಮೆ ಒಬ್ಬ ಹದಗಾರ ಮುಲಾಜಿಗೆ ಬಿದ್ದು ತೂಕ ಇಳಿಸಿ ಬರೆದ. ಸೇತುವೆಯ ಒಂದು ಕಣ್ಣು ಕುಸಿದು ಆರು ಗಾಡಿ ಹೊಳೆಗೆ ಹೋದವು. ಅಂದಿನಿಂದ ನಾವು ಜೋಡಿಸುವ ಪ್ರತಿ ವಸ್ತುವಿಗೂ ಕಾಲುಭಾಗ ಹೆಚ್ಚಿಗೆ ಬರೆಯುತ್ತೇವೆ. ಇದಕ್ಕೆ ಕಾವಲುತೂಕ ಎಂದು ಹೆಸರು. ಮುಳ್ಳು ನಲವತ್ತು ತೋರಿಸಿದರೆ ಚೀಟಿಯಲ್ಲಿ ಐವತ್ತು. ಹೊರಗಿನವರಿಗೆ ಹೇಳುವಂತಿಲ್ಲ, ಹೇಳಿದರೆ ಅವರು ಕಾಲುಭಾಗ ಕಳೆದುಕೊಂಡೇ ಸಾಮಾನು ತುಂಬುತ್ತಾರೆ, ಕಾವಲು ಎಲ್ಲಿ ಉಳಿಯಿತು? ಮನುಷ್ಯರಿಗೆ ಮಾತ್ರ ಕಾವಲುತೂಕ ಹಾಕುವುದಿಲ್ಲ. ಮನುಷ್ಯರನ್ನು ಇದ್ದಷ್ಟೇ ಬರೆಯುತ್ತೇವೆ. ಅದೊಂದು ಮರ್ಯಾದೆ.

ಹೋದದ್ದಲ್ಲ, ಅದರ ಹಿಂದಿನ ಸುತ್ತಿನಲ್ಲಿ, ಗೂಳಪ್ಪನ ಹೆಂಡತಿ ನೀಲಗಂಗವ್ವ ನನ್ನನ್ನು ಕರೆಸಿದಳು. ಗೂಳಪ್ಪ ನಮ್ಮ ದಂಡಿನ ಮೂರನೆಯ ಗಾಡಿಯವನು, ಎತ್ತರದ ಆಳು, ಗಾಡಿಯೊಳಗೆ ಬಗ್ಗಿ ಬಗ್ಗಿ ಬೆನ್ನು ಕಮಾನಾಗಿದೆ. ಮನೆಯಲ್ಲಿ ಗಂಡ ಹೆಂಡತಿ, ಮದುವೆಗೆ ಬಂದ ಮಗಳು, ಗೂಳಪ್ಪನ ಚಿಗವ್ವ ಬಾಳವ್ವ, ನಾಲ್ಕು ಜನ. ಗೂಳಪ್ಪನ ತಾಯಿ ಹೆರಿಗೆಯಲ್ಲೇ ತೀರಿಕೊಂಡಾಗ ಅವಳ ತಂಗಿ ಈ ಬಾಳವ್ವ ಅವನನ್ನು ಸಾಕಿದಳು, ತಾನು ಮದುವೆಯಾಗಲಿಲ್ಲ. ಹಿಂಬಾಗಿಲ ಪಕ್ಕದ ಮೂಲೆ ಅವಳದು. ಗಾಡಿ ಎಷ್ಟೇ ಕುಲುಕಿದರೂ ಅಲ್ಲಿ ಕೂತು ಅವರೆಲ್ಲರ ಹರಿದ ಬಟ್ಟೆ ಹೊಲಿಯುತ್ತಿದ್ದಳು, ನಡುನಡುವೆ ಎಲ್ಲರ ತಪ್ಪು ಎತ್ತಿ ಆಡುತ್ತಿದ್ದಳು. ಹದಿನಾರು ಸುತ್ತಿನಿಂದ ಬೆನ್ನುನೋವು ಸಾಕಾಗಿದೆ, ಒಂದು ರಾತ್ರಿಯಾದರೂ ರಸ್ತೆ ಮೈಗೆ ತಾಗದಂತೆ ಮಲಗಬೇಕು ಎಂದು ನೀಲಗಂಗವ್ವ ಹೇಳಿದಳು. ಜೋಲಿಮಂಚ ಬೇಕು ಎಂದಳು. ನಾಲ್ಕು ಮೂಲೆಗೂ ಸ್ಪ್ರಿಂಗು ಹಾಕಿ ತೂಗುಬಿಡುವ ಮಂಚ ಅದು, ಗಾಡಿ ಹಳ್ಳಕ್ಕೆ ಬಿದ್ದರೂ ಮಲಗಿದವರಿಗೆ ತೊಟ್ಟಿಲು ತೂಗಿದಂತಾಗುತ್ತದೆ. ಜೊತೆಗೆ ಒಂದು ಮೀಯುವ ಗೂಡು, ಕೂತು ಬಿಸಿನೀರು ಹಾಕಿಕೊಳ್ಳಲು. ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಒಂಬತ್ತು ದಿನದಲ್ಲಿ ಎರಡನ್ನೂ ಮಾಡಿದೆ. ನನ್ನ ಕೈಯ ಒಳ್ಳೆಯ ಕೆಲಸಗಳಲ್ಲಿ ಆ ಮಂಚವೂ ಒಂದು.

ಅವರ ಗಾಡಿ, ಜನ ಮತ್ತು ನೀರು ಸೇರಿ, ಮೊದಲು ಮೂರು ಸಾವಿರದ ಮುನ್ನೂರ ನಲವತ್ತು ಇತ್ತು. ಮಂಚ ತೂಗಿದೆ, ಎಂಬತ್ತೆಂಟು. ಪದ್ಧತಿಯಂತೆ ನೂರ ಹತ್ತು ಎಂದು ಬರೆದೆ. ಗೂಡು ಅರವತ್ನಾಲ್ಕು, ಎಂಬತ್ತು ಎಂದು ಬರೆದೆ. ಚೀಟಿಯ ಪ್ರಕಾರ ಮೂರು ಸಾವಿರದ ಐನೂರ ಮೂವತ್ತು. ಮಿತಿಗಿಂತ ಮೂವತ್ತು ಹೆಚ್ಚು. ನಿಜದಲ್ಲಿ ಇನ್ನೂ ಎಂಟು ಕಿಲೋಗೆ ಎಡೆಯಿತ್ತು.

ತೂಗುವಾಗ ಬಾಳವ್ವ ಮೂಲೆಯಿಂದ ನೋಡುತ್ತಿದ್ದಳು. ಹೊಲಿಗೆ ಬಿಟ್ಟು ಎದ್ದು ಬಂದು ನನ್ನ ಚೀಟಿಯೊಳಗೆ ಇಣುಕಿದಳು.

"ಯಮನೂರಾ, ಮುಳ್ಳು ಎಂಬತ್ತೆಂಟಕ್ಕ ನಿಂತಿತ್ತು. ನೀ ನೂರಾ ಹತ್ತು ಅಂತ ಯಾಕ ಬರದಿ?"

ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು, ನಿನಗೆ ಹಾಗೆ ಕಂಡಿರಬೇಕು ಎಂದೆ. ಹದಗಾರರೆಲ್ಲ ಹೇಳುವ ಮಾತೇ ಅದು, ನಾಲಿಗೆಗೆ ತಾನಾಗಿ ಬರುತ್ತದೆ. ನೀಲಗಂಗವ್ವ ನನ್ನ ಪರವಾಗಿ ನಕ್ಕಳು. "ನಮ್ಮ ಅತ್ತೆವ್ವಗ ಸೂಜ್ಯಾಗ ದಾರಾ ಪೋಣಿಸಾಕ ನಾ ಬೇಕು, ಮುಳ್ಳು ಮಾತ್ರ ಅಲ್ಲಿಂದ ಕಾಣ್ತದ ನೋಡಣ್ಣಾ," ಎಂದಳು. ಬಾಳವ್ವ ಅವಳ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಚೀಟಿ ಮಡಚಿದೆ.

ಮೂವತ್ತು ಕಿಲೋ ಇಳಿಸಲು ಅವರು ಎರಡು ದಿನ ಹುಡುಕಿದರು. ಹುಡುಕಿದ್ದು ನಿಜ, ಸುಳ್ಳು ಹೇಳಬಾರದು. ನೀರು ತಣ್ಣಗಿಡುವ ಪೆಟ್ಟಿಗೆ ಮೂವತ್ತೆರಡು ಇತ್ತು, ಅದಿಲ್ಲದೆ ಏಪ್ರಿಲ್ ದಾಟುವುದು ಹೇಗೆ? ಹಿತ್ತಾಳೆಯ ಪಾತ್ರೆ ಹತ್ತೊಂಬತ್ತು, ಅವು ಮಗಳಿಗೆಂದು ಎತ್ತಿಟ್ಟದ್ದು. ಅರೆಯುವ ಯಂತ್ರ ಹದಿನಾಲ್ಕು, ನೀಲಗಂಗವ್ವನ ತವರಿನದು. ಒಡೆದ ಗಾಲಿಗೆ ಬದಲಿಗೆಂದು ಇಟ್ಟ ಮಿಕ್ಕ ಗಾಲಿ ನಲವತ್ತೊಂದು. ಮಿಕ್ಕ ಗಾಲಿ ಇಲ್ಲದೆ ಯಾರಾದರೂ ಹೊರಡುತ್ತಾರೆಯೇ? ಒಂದೊಂದನ್ನೂ ಎತ್ತಿ, ತೂಗಿಸಿ, ಒರೆಸಿ, ಇದ್ದಲ್ಲೇ ಇಟ್ಟರು. ಮಂಚವನ್ನೇ ಬಿಚ್ಚಿಸಿದರೆ ಹೇಗೆಂದು ಮಗಳು ಒಮ್ಮೆ ಕೇಳಿದಳು. ನೀಲಗಂಗವ್ವ ಹಿತ್ತಾಳೆಯ ಪಾತ್ರೆ ಎತ್ತಿಕೊಂಡು ಇನ್ನೊಮ್ಮೆ ಒರೆಸಿದಳು, ಆ ಹುಡುಗಿಯೂ ಎರಡನೆಯ ಸಲ ಕೇಳಲಿಲ್ಲ. ಅಷ್ಟರಲ್ಲಿ ಅವಳೂ ಎರಡು ರಾತ್ರಿ ಅದರ ಮೇಲೆ ಮಲಗಿದ್ದಳು. ಕೊನೆಗೆ ತೂಗದೆ ಉಳಿದದ್ದು ಒಂದೇ ಆಯಿತು. ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಗೂಳಪ್ಪ ನನ್ನನ್ನು ಕರೆದು, ಕೊಕ್ಕೆಯನ್ನು ಇನ್ನೊಮ್ಮೆ ಕಟ್ಟು ಎಂದ.

ಮನುಷ್ಯರನ್ನು ತೂಗುವುದು ಹೇಗೆಂದರೆ, ದಪ್ಪ ಬಟ್ಟೆಯ ಜೋಳಿಗೆಯಲ್ಲಿ ಕೂರಿಸಿ ಕೊಕ್ಕೆಗೆ ಏರಿಸುತ್ತೇವೆ. ಮಕ್ಕಳು ನಗುತ್ತವೆ. ದೊಡ್ಡವರು ಎಲ್ಲಿ ನೋಡಬೇಕೆಂದು ತಿಳಿಯದೆ ಆಕಾಶ ನೋಡುತ್ತಾರೆ. ಬಾಳವ್ವ ತಾನೇ ಬಂದು ಜೋಳಿಗೆಯಲ್ಲಿ ಕೂತಳು, ಕಾಲು ನೆಲದಿಂದ ಎದ್ದಾಗ ಸೀರೆ ಸರಿಮಾಡಿಕೊಂಡಳು. ಮೇಲಿನಿಂದ, "ಈಗ ಬೆಳಕು ಸರಿಯಾಗೈತಿ. ಖರೇ ಓದು," ಎಂದಳು.

ಮೂವತ್ತೆಂಟು. ಖರೆಯಾಗಿಯೇ ಓದಿದೆ, ಖರೆಯಾಗಿಯೇ ಬರೆದೆ. ಮಂಚದ ಮೇಲೆ ನಾನು ಹಾಕಿದ ಕಾವಲು ಇಪ್ಪತ್ತೆರಡು, ಗೂಡಿನ ಮೇಲೆ ಹದಿನಾರು. ಕೂಡಿದರೆ ಅದೂ ಮೂವತ್ತೆಂಟೇ. ಇದನ್ನು ನಾನು ಅಲ್ಲೇ, ಹಗ್ಗ ಕೈಯಲ್ಲಿ ಹಿಡಿದೇ ಕೂಡಿದೆ. ಇಂಥ ಲೆಕ್ಕ ನನಗೆ ಬೇಗ ಹೊಳೆಯುತ್ತದೆ. ಇಲ್ಲದ ಮೂವತ್ತೆಂಟಕ್ಕೆ ಎಡೆ ಮಾಡಲು ಇರುವ ಮೂವತ್ತೆಂಟು ಇಳಿಯಬೇಕಾಗಿತ್ತು. ಬಾಯಿ ತೆರೆದರೆ ಒಂದು ಮಾತಿನ ಕೆಲಸ. ಆ ಮಾತು ಆಡಿದ ಮರುಗಳಿಗೆ ದಂಡಿನ ನಲವತ್ತೆರಡು ಚೀಟಿಗಳನ್ನೂ ಜನ ನನ್ನ ಮುಖಕ್ಕೆ ಹಿಡಿಯುತ್ತಿದ್ದರು, ನನ್ನ ಕಸುಬು ಅಲ್ಲಿಗೆ ಮುಗಿಯುತ್ತಿತ್ತು, ನಾನು ಮತ್ತೆ ಗಾಡಿಗಳ ಅಡಿಗೆ ಹೋಗುತ್ತಿದ್ದೆ. ಅವಳನ್ನು ಮೆಲ್ಲನೆ ಇಳಿಸಿದೆ.

ಕಟ್ಟೆಯ ಬಳಿ ದಂಡು ಬಹಳ ಹೊತ್ತು ನಿಲ್ಲುವಂತಿಲ್ಲ. ಗೂಳಪ್ಪ ಅವಳ ಗಂಟನ್ನು ತಾನೇ ಎತ್ತಿಕೊಂಡು ಕಲ್ಲಿನ ಮೇಲಿಟ್ಟ. ಅವನು ಸಾಕಿದವಳನ್ನು ಪ್ರೀತಿಸದವನಲ್ಲ. ಅಂಥವರೇ ಇಂಥ ಹೊತ್ತಿನಲ್ಲಿ ಮಾತು ಹೆಚ್ಚು ಆಡುತ್ತಾರೆ. "ಒಂದ ಸುತ್ತಿನ ಮಾತು ಚಿಗವ್ವ. ಮ್ಯಾಲಾಗಿ ಇಲ್ಲಿ ಹೊಳಿ ಗಾಳಿ ಛಲೋ ಬೀಸ್ತದ," ಎಂದ.

"ಗಾಳಿ ಅಷ್ಟ ಛಲೋ ಇದ್ರ ನೀನೂ ಇಳಿ, ಗೂಳ್ಯಾ," ಎಂದಳು ಬಾಳವ್ವ.

ಅವನು ಇಳಿಯಲಿಲ್ಲ. ಸೇತುವೆ ದಾಟಿದೆವು. ಆ ರಾತ್ರಿ ನೀಲಗಂಗವ್ವ ಅತ್ತಳು, ಮಗಳೂ ಅತ್ತಳು; ರಸ್ತೆ ಕೆಟ್ಟದಾಗಿತ್ತು, ಆದರೆ ಅತ್ತು ಮಲಗಿದವರಿಗೆ ಎಚ್ಚರವಾಗಲಿಲ್ಲ ಎಂದು ಮರುದಿನ ನೀಲಗಂಗವ್ವನೇ ನನಗೆ ಹೇಳಿದಳು. ಮಂಚವನ್ನು ಹೊಗಳಿದಳು. ಮುಂದಿನ ಎರಡು ತಂಗುಗಳಲ್ಲಿ ಇನ್ನೂ ಐದು ಮನೆಯವರು ಜೋಲಿಮಂಚ ಮಾಡಿಸಿಕೊಂಡರು. ಬಾಳವ್ವನ ಮೂಲೆಯನ್ನು ಮಾತ್ರ ನೀಲಗಂಗವ್ವ ಖಾಲಿಯೇ ಇಟ್ಟಳು. ದಿನಾ ಗುಡಿಸುತ್ತಿದ್ದಳು, ಏನನ್ನೂ ಇಡಗೊಡುತ್ತಿರಲಿಲ್ಲ. ಅದು ಅವಳ ದೊಡ್ಡಗುಣ.

ಹೋದ ಸುತ್ತಿನಲ್ಲಿ ಮತ್ತೆ ಕಟ್ಟೆಗೆ ಬಂದೆವು. ಇಳಿದವರು ದಂಡು ಬರುವ ದಿನ ಗಂಟು ಕಟ್ಟಿಕೊಂಡು ಸಾಲಾಗಿ ನಿಂತಿರುತ್ತಾರೆ. ತಮ್ಮ ಗಾಡಿ ನಿಧಾನವಾದರೆ ಒಂದು ಹೆಜ್ಜೆ ಮುಂದೆ ಬರುತ್ತಾರೆ, ಆಗದಿದ್ದರೆ ಇದ್ದಲ್ಲೇ ಕೂರುತ್ತಾರೆ. ಬಾಳವ್ವ ಸಾಲಿನ ನಡುವೆ ಇದ್ದಳು, ಬಿಸಿಲಿಗೆ ಕರಕಲಾಗಿದ್ದಳು. ಗೂಳಪ್ಪ ಗಾಡಿ ನಿಲ್ಲಿಸಿದ. ಅದು ಎಲ್ಲರೂ ಮಾಡುವ ಕೆಲಸವಲ್ಲ, ಅವನ ಪರವಾಗಿ ಇದನ್ನೂ ಬರೆದಿಡುತ್ತೇನೆ. ಕೆಳಗಿಳಿದು ಬಂದು, ಈಗ ಎಡೆ ಇದೆಯೇ ನೋಡು ಯಮನೂರ, ಎಂದು ನನ್ನ ತೋಳು ಹಿಡಿದ.

ಜೋಳಿಗೆ ಕಟ್ಟಿ ತೂಗಿದೆ. ಮೂವತ್ತಮೂರು. ಕಟ್ಟೆ ಒಂದು ಸುತ್ತಿನಲ್ಲಿ ಅವಳ ಐದು ಕಿಲೋ ತೆಗೆದುಕೊಂಡಿತ್ತು. ಚೀಟಿಯ ಪ್ರಕಾರ ಗಾಡಿ ಮೂರು ಸಾವಿರದ ನಾನೂರ ತೊಂಬತ್ತೆರಡು. ಅವಳು ಹತ್ತಿದರೆ ಇಪ್ಪತ್ತೈದು ಹೆಚ್ಚು. ನಿಜದ ಪ್ರಕಾರ ಅವಳು ಹತ್ತಿದ ಮೇಲೂ ಹದಿಮೂರು ಕಿಲೋ ಉಳಿಯುತ್ತಿತ್ತು. ಚೀಟಿ ನೋಡಿ ಗಾಡಿಗಳನ್ನು ಸೇತುವೆಗೆ ಬಿಡುವ ಕಟ್ಟೆಯ ಹಿರಿಯ, ಹಿಂದಿನ ಸುತ್ತಿನ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದು ಎದುರಿಗೆ ಹಿಡಿದುಕೊಂಡೇ ನಿಂತಿದ್ದ. ಮಂಚ ನೂರ ಹತ್ತು ಎಂದು ನನ್ನದೇ ಅಕ್ಷರದಲ್ಲಿತ್ತು. ಈ ಮುದುಕಿ ವರ್ಷವಿಡೀ ನಿನ್ನ ಚೀಟಿ ಸುಳ್ಳು ಎನ್ನುತ್ತಿದ್ದಳು, ಎಂದು ಅವನು ನಗುತ್ತಲೇ ಹೇಳಿದ. ಅದರಲ್ಲಿ ವಿಶೇಷವೇನಿಲ್ಲವಂತೆ, ಇಳಿದವರೆಲ್ಲರೂ ಹಾಗೆಯೇ ಹೇಳುತ್ತಾರಂತೆ.

ನಾನು ಸೀಸದ ಕಡ್ಡಿ ತೆಗೆದೆ. ಬಾಳವ್ವ ಇನ್ನೂ ಜೋಳಿಗೆಯಲ್ಲೇ ಇದ್ದಳು. ಬೇಡಿಕೊಂಡಿದ್ದರೆ ಏನಾಗುತ್ತಿತ್ತೋ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಏನೂ ಆಗುತ್ತಿರಲಿಲ್ಲ ಎಂದೇ ತೋರುತ್ತದೆ. ಅವಳು ಬೇಡಲಿಲ್ಲ. ನನ್ನ ಬೆರಳುಗಳನ್ನು ನೋಡುತ್ತ, ಗೂಳಪ್ಪನಿಗೆ ಕೇಳದಷ್ಟು ಮೆಲ್ಲನೆ ಹೇಳಿದಳು.

"ಬರಿ. ಹೋದ ಸಲ ಬರದ ಕೈನ ಅಲ್ಲನು? ಅದಕ್ಕ ದಾರಿ ಗೊತ್ತೈತಿ."

ಇಪ್ಪತ್ತೈದು ಹೆಚ್ಚು ಎಂದು ಬರೆದೆ. ಗೂಳಪ್ಪ ಚೀಟಿ ನೋಡಿ, ತಲೆ ತಗ್ಗಿಸಿ, ಒಂದು ಚೀಲ ರಾಗಿಹಿಟ್ಟನ್ನು ಅವಳ ಗಂಟಿನ ಪಕ್ಕ ಇಟ್ಟು ಹೋದ. ಹಿಟ್ಟು ಆರು ಕಿಲೋ. ಅಷ್ಟು ಹಗುರಾಗಿ ಸೇತುವೆ ದಾಟಿದೆವು.

ನನ್ನ ಕಾರಣಗಳು ಗಟ್ಟಿಯಾಗಿಯೇ ಇದ್ದವು. ಎಷ್ಟೋ ಸಲ ಎತ್ತಿ ನೋಡಿದ್ದೇನೆ, ಎಲ್ಲೂ ಬಿರುಕಿಲ್ಲ. ಕಾವಲುತೂಕ ಇಲ್ಲದಿದ್ದರೆ ಸೇತುವೆ ಉಳಿಯುವುದಿಲ್ಲ, ಸೇತುವೆ ಇಲ್ಲದಿದ್ದರೆ ದಂಡು ಉಳಿಯುವುದಿಲ್ಲ. ನಾನು ಕೂಡ ಈಗ ಜೋಲಿಮಂಚದ ಮೇಲೆಯೇ ಮಲಗುತ್ತೇನೆ. ನಿದ್ದೆ ಚೆನ್ನಾಗಿ ಬರುತ್ತದೆ. ಬರುವುದಿಲ್ಲ ಎಂದು ಬರೆದರೆ ನಿಮಗೆ ಸಮಾಧಾನವಾಗುತ್ತಿತ್ತೇನೋ, ಆದರೆ ಈ ಕಾಗದದಲ್ಲಿ ಒಂದು ತೂಕವನ್ನೂ ಹೆಚ್ಚಿಸಿ ಬರೆಯಬಾರದೆಂದು ಕೂತಿದ್ದೇನೆ.

ನಾಲ್ಕು ದಿನದ ಹಿಂದೆ ಎದುರಿನಿಂದ ಬಂದ ಒಂದು ದಂಡು ಕಟ್ಟೆಯವರ ಸುದ್ದಿ ತಂದಿತು. ಬಾಳವ್ವ ಹೋದ ಮೇ ತಿಂಗಳಲ್ಲೇ ತೀರಿಕೊಂಡಳಂತೆ. ಗೂಳಪ್ಪ ಮೂರು ದಿನ ಗಾಡಿ ನಡೆಸಲಿಲ್ಲ, ಮಗಳೇ ನಡೆಸಿದಳು. ನೀಲಗಂಗವ್ವ ಪರದೆ ಎಳೆದುಕೊಂಡು ಒಳಗೇ ಇದ್ದಳು. ಆ ಪರದೆಯ ಅಂಚು ಬಾಳವ್ವನ ಹೊಲಿಗೆ. ಈ ದಿನ ಬೆಳಿಗ್ಗೆ ನೀಲಗಂಗವ್ವ ಮುಖ ತೊಳೆದು ಬಂದು ನನ್ನನ್ನು ಕರೆದಳು. ಇನ್ನು ಆ ಮೂಲೆಯನ್ನು ಖಾಲಿ ಇಟ್ಟು ಯಾರನ್ನು ಕಾಯುವುದು, ಅಲ್ಲಿ ಕಾಲು ಚಾಚಲು ಒಂದು ಮೆತ್ತನೆಯ ಕಾಲ್ಮಣೆ ಮಾಡಿಕೊಡಣ್ಣಾ, ಸಂಜೆಯಾದರೆ ಕಾಲು ಊದುತ್ತವೆ, ಎಂದಳು.

ಆದ್ದರಿಂದ ನಿಮ್ಮಲ್ಲಿ ಒಂದು ಕೇಳಿಕೆ. ಹೊಳೆ, ಸೇತುವೆ, ರಸ್ತೆ ಎಲ್ಲವೂ ಇನ್ನೂ ನಿಮ್ಮ ಕೈಯಲ್ಲಿವೆ. ಮೆತ್ತೆ, ಪರದೆಗಳ ಬಗ್ಗೆ ನಾನು ಹೇಳುವುದೇನೂ ಇಲ್ಲ, ಅದು ನಿಮಗೇ ಚೆನ್ನಾಗಿ ಬರುತ್ತದೆ. ಸೇತುವೆ ಕಟ್ಟಿದಲ್ಲೆಲ್ಲ ಒಂದು ದೊಡ್ಡ ತಕ್ಕಡಿ ಕಟ್ಟಿ. ಮುನ್ನೂರು ವರ್ಷ ಕೆಡದಂಥದ್ದು ಕಟ್ಟಿ. ಮುಳ್ಳು ಮುದುಕಿಯರಿಗೂ ಕಾಣುವಷ್ಟು ದೊಡ್ಡದಿರಲಿ. ತೂಕ ಹೇಳುವ ಕೆಲಸವನ್ನು ಮಾತ್ರ ನನ್ನಂಥವನ ಕೈಗೆ ಬಿಡಬೇಡಿ. ನಾವು ಕೆಲಸ ಬಲ್ಲವರು, ನಮ್ಮ ಬಳಿ ಯಾವಾಗಲೂ ಒಳ್ಳೆಯ ಕಾರಣವಿರುತ್ತದೆ.

ಇಲ್ಲಿಗೆ ಮುಗಿಸುತ್ತೇನೆ. ಕಾಲ್ಮಣೆ ಸಿದ್ಧವಾಗಿದೆ, ಕೊಟ್ಟು ಬರಬೇಕು. ಈಗಷ್ಟೇ ತೂಗಿದೆ, ಎಂಟು ಕಿಲೋ. ಚೀಟಿಯಲ್ಲಿ ಹತ್ತು ಎಂದು ಬರೆದಿದ್ದೇನೆ.

ಇಂತು,
ಯಮನೂರಪ್ಪ ಹದಗಾರ